ಏಣಿಗೆ 14 ಸಾವಿರ ಯಾಕೆ ಕೊಡಬೇಕು?

ಈ ಸಲದ ರಾಜ್ಯೋತ್ಸವದ ಲೆಕ್ಕಪತ್ರ ಎಲ್ಲ ಮುಗಿದ ಮೇಲೆ ನಮ್ಮ ಸಂಘದ ಹತ್ತಿರ 16 ಸಾವಿರ ಚಿಲ್ಲರೆ ಉಳಿದಿದೆ. ನಮ್ಮಲ್ಲಿ ದುಡ್ಡು ಸಾಲದೆ ಹೋಗೋದು ಮಾಮೂಲು, ಉಳಿಯೋದು ಅಪರೂಪ. ಹಾಗಾಗಿ ಅದನ್ನ ಏನು ಮಾಡೋದು ಅಂತ ಎರಡು ವಾರದಿಂದ ಚರ್ಚೆ ನಡೀತಾ ಇದೆ. ಪುಸ್ತಕ ತಗೊಳ್ಳೋಣ ಅಂದವರಿದ್ದಾರೆ, ಸ್ಪೀಕರ್ ಅಂದವರಿದ್ದಾರೆ, ಜೋಗಕ್ಕೆ ಟ್ರಿಪ್ ಅಂದವರೂ ಇದ್ದಾರೆ (ಹೆಸರು ಬೇಡ ಬಿಡಿ, ಎಲ್ಲರಿಗೂ ಗೊತ್ತು). ಕೊನೆಗೆ ಹೆಚ್ಚುಕಮ್ಮಿ ಎಲ್ಲರೂ ತಲೆ ಆಡಿಸಿದ್ದು ಒಂದು ಏಣಿಗೆ. ಅದೂ ಸಾದಾ ಏಣಿ ಅಲ್ಲ, ಮಲ್ಟಿಪರ್ಪಸ್ ಏಣಿ. ಮಡಚಿದರೆ ಬೀರು ಪಕ್ಕದ ಸಂದಿಯಲ್ಲಿ ನಿಲ್ಲತ್ತೆ, ಪೂರ್ತಿ ಬಿಡಿಸಿದರೆ ಒಂದಂತಸ್ತಿನ ಮನೆಯ ತಾರಸಿ ಮುಟ್ಟತ್ತೆ, ಮಧ್ಯದಲ್ಲಿ ಬಗ್ಗಿಸಿದರೆ ಎ ಆಕಾರ, ಇನ್ನೊಂದು ಥರ ಬಗ್ಗಿಸಿದರೆ ನಿಂತು ಪೇಂಟ್ ಹೊಡೆಯೋ ಅಟ್ಟಣೆ. ವಿಡಿಯೋ ನೋಡಿದವರಿಗೆಲ್ಲ ಇಷ್ಟ ಆಗಿದೆ. ನನಗೂ ಇಷ್ಟ ಆಯ್ತು. ಅಂಗಡಿಯವರು ಹೇಳಿರೋ ರೇಟು 14 ಸಾವಿರ. ಮನೆಗೆ ತರೋ 6 ಮೆಟ್ಟಿಲಿನ ಸಾದಾ ಏಣಿ 4 ಸಾವಿರದ ಆಸುಪಾಸಿಗೆ ಸಿಗೋವಾಗ ಇದಕ್ಕೆ ಮೂರು ಪಟ್ಟಿಗಿಂತ ಜಾಸ್ತಿ ಕೊಡೋದು ಸರಿಯಾ ಅನ್ನೋದು ಪ್ರಶ್ನೆ. ಮುಂದಿನ ಸಭೆಯಲ್ಲಿ ಕೈ ಎತ್ತೋ ಮೊದಲು ನನ್ನ ಮಾತನ್ನೂ ಸ್ವಲ್ಪ ಕೇಳಿ.

ಏಣಿ ಬೇಕಾ ಬೇಡ್ವಾ ಅನ್ನೋದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ. ಬೇಕೇ ಬೇಕು. ಈಗ ನಾವು ಮಾಡ್ತಿರೋದು ಏನು ಅಂತ ಒಮ್ಮೆ ನೆನಪಿಸಿಕೊಳ್ಳಿ. ಸ್ಟೇಜ್ ಮೇಲೆ ಒಂದು ಟೇಬಲ್ಲು, ಟೇಬಲ್ ಮೇಲೆ ಪ್ಲಾಸ್ಟಿಕ್ ಕುರ್ಚಿ, ಕುರ್ಚಿ ಮೇಲೆ ಒಬ್ಬ ಫಸ್ಟ್ ಇಯರ್ ಹುಡುಗ. ಇಬ್ಬರು ಕುರ್ಚಿ ಕಾಲು ಹಿಡ್ಕೊಂಡಿರ್ತಾರೆ, ಅದರಲ್ಲಿ ಒಬ್ಬನ ಇನ್ನೊಂದು ಕೈಯಲ್ಲಿ ಮೊಬೈಲು. ಹಾಲ್‌ನ ಆ ತುದಿಯಲ್ಲಿ ನಿಂತು ನಮ್ಮ ಸೀನಿಯರ್ ಅಣ್ಣ ಒಬ್ಬರು "ಸ್ವಲ್ಪ ಎಡಕ್ಕೆ... ಇಲ್ಲ ಇಲ್ಲ, ಬಲಕ್ಕೆ... ಭುವನೇಶ್ವರಿ ಸೊಟ್ಟ ಕಾಣ್ತಿದಾಳೆ ಕಣೋ" ಅಂತ ಕೂಗ್ತಿರ್ತಾರೆ. ನಗು ಬರತ್ತೆ, ಸರಿ. ಆದರೆ ಗಮನಿಸಿ, ಮೇಲೆ ಹತ್ತಿರೋನು ಯಾವಾಗಲೂ ಜೂನಿಯರ್. ಅವನು ಇಲ್ಲದಿದ್ದರೆ ಅಟೆಂಡರ್ ಅಣ್ಣ. ಅಂದರೆ "ನಾನು ಹತ್ತಲ್ಲ" ಅಂತ ಹೇಳೋಕೆ ಯಾರಿಗೆ ಕಷ್ಟವೋ ಅವರೇ ಹತ್ತೋದು. ಈ ಏಣಿಗೆ ದುಡ್ಡು ಮಂಜೂರು ಮಾಡೋರು ಯಾರೂ ಅದರ ಮೇಲೆ ಹತ್ತೋರಲ್ಲ. ನಾನು ಈ ವಿಷಯವನ್ನ ಇಷ್ಟು ಉದ್ದ ಎಳೀತಿರೋದು ಅದಕ್ಕೇ.

ಈ ಏಣಿ ಬಂದಿದ್ದೆಲ್ಲಿಂದ ಅನ್ನೋದರಲ್ಲೇ ಅರ್ಧ ಉತ್ತರ ಇದೆ. ಮಡಚುವ ಎ ಆಕಾರದ ಮರದ ಏಣಿಗೆ ಅಮೆರಿಕದ ಬಡಗಿ ಜಾನ್ ಬಾಲ್ಸ್ಲಿ 1862ರಲ್ಲೇ ಪೇಟೆಂಟ್ ತಗೊಂಡಿದ್ದ. ಅದು ಮನೆಯೊಳಗಿನ ಏಣಿ. ನೂರು ವರ್ಷದ ನಂತರ ಜರ್ಮನಿಯಲ್ಲಿ ಒಬ್ಬ ಪೇಂಟರ್ ತನ್ನ ಕೆಲಸಕ್ಕೆ ಅಂತ ಕೀಲು ಇರೋ, ಉದ್ದ ಗಿಡ್ಡ ಮಾಡಬಹುದಾದ ಏಣಿಯನ್ನ ಮಾಡ್ಕೊಂಡಿದ್ದ. ಅದನ್ನ ನೋಡಿದ ಹ್ಯಾಲ್ ವಿಂಗ್ ಅನ್ನೋ ಅಮೆರಿಕನ್ 1970ರ ದಶಕದಲ್ಲಿ ಆ ಮಾದರಿಯನ್ನ ಯೂಟಾ ರಾಜ್ಯಕ್ಕೆ ಒಯ್ದು 'ಲಿಟ್ಲ್ ಜಯಂಟ್' ಅಂತ ಮಾರೋಕೆ ಶುರು ಮಾಡಿದ. ಆಮೇಲೆ ಟಿವಿಯಲ್ಲಿ ಅರ್ಧರ್ಧ ಗಂಟೆಯ ಜಾಹೀರಾತು ಬಂದು ಅಮೆರಿಕದ ಮನೆಮನೆಗೂ ಹೋಯ್ತು. ಈಗ ನಮ್ಮಲ್ಲಿ ಸಿಗೋ ಬಹುಪಾಲು ಮಲ್ಟಿಪರ್ಪಸ್ ಏಣಿಗಳು ಅದೇ ಯೋಚನೆಯ ದಾಯಾದಿಗಳು.

ಇಲ್ಲಿ ಹಿಡ್ಕೋಬೇಕಾದ ಎಳೆ ಏನು ಅಂದರೆ, ಅದನ್ನ ಮಾಡಿಕೊಂಡವನು ಪೇಂಟರ್. ಪೇಂಟರ್‌ಗೆ ಇವತ್ತು ಒಂದು ಮನೆ, ನಾಳೆ ಇನ್ನೊಂದು. ಒಂದು ಕಡೆ ಮೆಟ್ಟಿಲ ಪಕ್ಕದ ಗೋಡೆ, ಇನ್ನೊಂದು ಕಡೆ ಹೊರಗಿನ ಸಜ್ಜಾ, ಮತ್ತೊಂದು ಕಡೆ ಅಡುಗೆಮನೆ ಸೀಲಿಂಗು. ಅವನು ಹೋಗೋ ಜಾಗಗಳೇ ಬಹುರೂಪಿ, ಅದಕ್ಕೆ ಏಣಿಯೂ ಬಹುರೂಪಿ. ಬೆಲೆಯಲ್ಲಿ ನಾವು ಕೊಡೋದು ಆ ರೂಪಗಳಿಗೆ. ನಮಗೆ ಎಷ್ಟು ರೂಪ ಬೇಕು?

ಲೆಕ್ಕ ಹಾಕೋಣ. ವರ್ಷದಲ್ಲಿ ನಾವು ಎತ್ತರಕ್ಕೆ ಹತ್ತೋ ಸಂದರ್ಭ ಆರೋ ಏಳೋ: ರಾಜ್ಯೋತ್ಸವ, ಫ್ರೆಶರ್ಸ್ ಸ್ವಾಗತ, ಎಥ್ನಿಕ್ ಡೇ, ಕಾಲೇಜ್ ಫೆಸ್ಟು, ಕವಿಗೋಷ್ಠಿ, ನಾಟಕ, ಬೀಳ್ಕೊಡುಗೆ. ಕೆಲಸಗಳು ಮೂರೇ ಥರ. ಸ್ಟೇಜ್ ಹಿಂದಿನ ಪೈಪಿಗೆ ಬ್ಯಾನರ್ ಕಟ್ಟೋದು, ಆ ಪೈಪು 12 ಅಡಿ ಎತ್ತರದಲ್ಲಿದೆ (ಟೇಪು ಹಿಡಿದು ಅಳತೆ ಮಾಡಿದೀನಿ). ಕಾರಿಡಾರಿನಲ್ಲಿ ತೋರಣ, ಸೀರಿಯಲ್ ಲೈಟು, ಅದು 10 ಅಡಿ. ಆಮೇಲೆ ಮೇನ್ ಬ್ಲಾಕಿನ ಮೆಟ್ಟಿಲ ಹತ್ತಿರ ಕೆಂಪು ಹಳದಿ ಪಟ್ಟಿ ಇಳಿಬಿಡೋದು, ಅದು ವರ್ಷಕ್ಕೆ ಒಂದೇ ಸಲ, ನವೆಂಬರ್‌ನಲ್ಲಿ. ಗೇಟಿನ ಕಮಾನನ್ನ ಶಾಮಿಯಾನದವರು ಕಟ್ಟಿಕೊಡ್ತಾರೆ, ಅದು ನಮ್ಮ ಏಣಿಗೆ ಎಟುಕೋದೂ ಇಲ್ಲ, ಎಟುಕಬಾರದು ಕೂಡ.

ಈ ಮೂರರಲ್ಲಿ ಎರಡಕ್ಕೆ ಬೇಕಾಗಿರೋದು ಎ ಆಕಾರ ಮಾತ್ರ. ಸ್ಟೇಜ್ ಹಿಂದೆ ಇರೋದು ಪರದೆ, ಗೋಡೆಯಲ್ಲ, ಹಾಗಾಗಿ ನೇರ ಏಣಿಯನ್ನ ಒರಗಿಸೋಕೆ ಅಲ್ಲಿ ಏನೂ ಇಲ್ಲ. ಕಾರಿಡಾರಿನಲ್ಲೂ ಅಷ್ಟೇ, ಕೆಲಸ ಇರೋದು ನಡು ಸೀಲಿಂಗಲ್ಲಿ. ಅಟ್ಟಣೆ ರೂಪಕ್ಕೆ ನಮಗೆ ಕೆಲಸವೇ ಇಲ್ಲ, ನಾವು ಕಾಲೇಜಿಗೆ ಬಣ್ಣ ಹೊಡೆಯಲ್ಲ. ಅದರ ಮೇಲೆ ಹಾಕೋ ತಗಡಿನ ಹಲಗೆಯನ್ನ ಎಷ್ಟೋ ಕಡೆ ಬೇರೆಯಾಗಿ ಮಾರ್ತಾರೆ, ಜನ ಅದರ ಬದಲು ಮನೇಲಿರೋ ಪ್ಲೈವುಡ್ ತುಂಡು ಇಟ್ಟು ನಿಲ್ತಾರೆ. ಬೇಡ ಅದು. ಉಳಿದಿದ್ದು ಮೆಟ್ಟಿಲ ಕೆಲಸ. ಇಲ್ಲಿ ಮಾತ್ರ ಮಲ್ಟಿಪರ್ಪಸ್ ಏಣಿಯ ವಾದ ನಿಜವಾಗಿಯೂ ಗಟ್ಟಿ. ಒಳ್ಳೆ ಮಾದರಿಗಳಲ್ಲಿ ಎರಡು ಬದಿಯ ಕಾಲುಗಳನ್ನ ಬೇರೆ ಬೇರೆ ಉದ್ದಕ್ಕೆ ಲಾಕ್ ಮಾಡಬಹುದು, ಒಂದು ಕಾಲು ಮೇಲಿನ ಮೆಟ್ಟಿಲಲ್ಲಿ, ಇನ್ನೊಂದು ಕೆಳಗೆ, ತಲೆ ಮಾತ್ರ ನೆಟ್ಟಗೆ. ಬೇರೆ ಯಾವ ಏಣಿಯೂ ಆ ಕೆಲಸ ಮಾಡಲ್ಲ. ಆದರೆ ನಮಗೆ ರೇಟು ಕೊಟ್ಟಿರೋದು ಆ ಮಾದರಿಗಲ್ಲ. ನಮ್ಮದು ನಾಲ್ಕು ಭಾಗ, ಒಂದೊಂದು ಭಾಗಕ್ಕೆ ನಾಲ್ಕು ಮೆಟ್ಟಿಲು, ಮಧ್ಯೆ ಮೂರು ಕಡೆ ಕೀಲು ಇರೋ, ಹಾವಿನ ಥರ ಮಡಚೋ ಏಣಿ. ಮೆಟ್ಟಿಲ ಮೇಲೆ ಅದನ್ನ ಹೇಗೋ ಬಗ್ಗಿಸಿ ನಿಲ್ಲಿಸಬಹುದು, ಆದರೆ ಕೀಲು ಲಾಕ್ ಆಗೋದು ಕೆಲವೇ ಕೋನಗಳಲ್ಲಿ. ನಮ್ಮ ಮೆಟ್ಟಿಲಿನ ಅಳತೆ ಆ ಕೋನಕ್ಕೆ ಹೊಂದಬೇಕು ಅಂತ ಕಾನೂನೇನೂ ಇಲ್ವಲ್ಲ.

ಈಗ ಸ್ವಲ್ಪ ಮೆಕ್ಯಾನಿಕ್ಸ್. ಫಸ್ಟ್ ಇಯರ್‌ನಲ್ಲಿ ಎಲ್ಲರೂ ಮಾಡಿ ಮರೆತಿರೋ ಏಣಿ ಲೆಕ್ಕ ಇದೆಯಲ್ಲ, ಗೋಡೆ ನುಣುಪು, ನೆಲ ಒರಟು, ಮನುಷ್ಯ ತುದಿಯಲ್ಲಿದ್ದಾನೆ, ಜಾರದೇ ಇರೋಕೆ ಮ್ಯೂ ಎಷ್ಟಿರಬೇಕು ಅಂತ. ಏಣಿಯ ಸ್ವಂತ ತೂಕ ಬಿಟ್ಟರೆ ಉತ್ತರ ಒಂದೇ ಸಾಲು: ಕೋನದ ಕೊಟ್ಯಾಂಜೆಂಟ್. ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿ ಹೊರಗೆ ಅನ್ನೋ ಲೆಕ್ಕದಲ್ಲಿ ಇಟ್ಟರೆ ಕೋನ ಸುಮಾರು 75.5 ಡಿಗ್ರಿ, ಮ್ಯೂ 0.25 ಸಾಕು. ಅದೇ ಏಣಿಯನ್ನ 60 ಡಿಗ್ರಿಗೆ ಇಟ್ಟರೆ 0.58 ಬೇಕು. 45 ಡಿಗ್ರಿಗೆ ಇಟ್ಟರೆ 1 ಬೇಕು. ನಮ್ಮ ಕಾರಿಡಾರಿನ ವಿಟ್ರಿಫೈಡ್ ಟೈಲ್ಸ್, ಅದೂ ಆಗಷ್ಟೇ ನೆಲ ಒರೆಸಿದ ಟೈಲ್ಸ್, 0.58 ಕೊಡತ್ತೆ ಅಂತ ನಂಬಿ ನಾನಂತೂ ಹತ್ತಲ್ಲ. ಈ ಲೆಕ್ಕದಲ್ಲಿ ಏಣಿಯ ಬೆಲೆ ಎಲ್ಲೂ ಬರಲ್ಲ ನೋಡಿ. 40 ಸಾವಿರದ ಏಣಿಯೂ ತಪ್ಪು ಕೋನದಲ್ಲಿ ಇಟ್ಟರೆ ಜಾರತ್ತೆ, ಬಿದಿರಿನ ಏಣಿಯೂ ಸರಿ ಇಟ್ಟರೆ ನಿಲ್ಲತ್ತೆ. ದುಡ್ಡು ಏನಾದರೂ ಬದಲಾಯಿಸೋದಿದ್ದರೆ ಅದು ಕಾಲಿನ ರಬ್ಬರ್ ಬೂಟಿನಲ್ಲಿ ಮತ್ತು ಕೆಳಗಿನ ಅಡ್ಡಪಟ್ಟಿಯಲ್ಲಿ.

ಕೀಲಿನ ಮಾತು ಬೇರೆ. ಅಲ್ಲಿ ಬೆಲೆ ನೇರವಾಗಿ ಜೀವಕ್ಕೆ ಸಂಬಂಧಪಟ್ಟಿದ್ದು. ನಾಲ್ಕು ಭಾಗದ ಏಣಿಯನ್ನ ನೇರ ಮಾಡಿ ಗೋಡೆಗೆ ಒರಗಿಸಿದಾಗ ಮಧ್ಯದ ಕೀಲು ಸರಿಯಾಗಿ ಏಣಿಯ ನಡುವಿಗೆ ಬರತ್ತೆ. ಮನುಷ್ಯ ಅರ್ಧ ಹತ್ತಿದಾಗ ಬೆಂಡಿಂಗ್ ಮೊಮೆಂಟ್ ಅತಿ ಹೆಚ್ಚು ಇರೋದೂ ಅಲ್ಲೇ. 80 ಕೆ.ಜಿ. ಮನುಷ್ಯ, 4.6 ಮೀಟರ್ ಏಣಿ, 75.5 ಡಿಗ್ರಿ ಅಂತ ಇಟ್ಕೊಂಡರೆ ಸುಮಾರು 225 ನ್ಯೂಟನ್ ಮೀಟರ್. ಕೋನ 60ಕ್ಕೆ ಇಳಿದರೆ ಅದೇ 450, ಅಂದರೆ ಎರಡರಷ್ಟು. ಸಾದಾ ಏಣಿಯಲ್ಲಿ ಇದನ್ನ ತಡ್ಕೊಳ್ಳೋದು ಒಂದೇ ತುಂಡಿನ ಅಲ್ಯೂಮಿನಿಯಂ ಕಂಬಿ. ಇದರಲ್ಲಿ ತಡ್ಕೊಳ್ಳೋದು ಎರಡು ಕೀಲು, ಅವುಗಳ ಪಿನ್ನು, ನಾಲ್ಕಾರು ರಿವೆಟ್ಟು. ಒಟ್ಟು ಆರು ಕೀಲು ಇವೆ, ಆರೂ 'ಟಕ್' ಅಂತ ಕೂತಿದೆಯಾ ಅಂತ ಪ್ರತಿ ಸಲ ನೋಡಬೇಕು. ರಾತ್ರಿ 11 ಗಂಟೆಗೆ, ನಾಳೆ ಬೆಳಿಗ್ಗೆ ಕಾರ್ಯಕ್ರಮ ಅನ್ನೋ ಗಡಿಬಿಡಿಯಲ್ಲಿ, ಆರನೇ ಟಕ್ ಕೇಳಿಸಿತಾ ಇಲ್ವಾ ಅಂತ ಯಾರು ನೋಡ್ತಾರೆ? ಅಪ್ಪ ಒಬ್ಬನೇ ಬಳಸೋ ಮನೆಯಲ್ಲಿ ನೋಡ್ತಾರೆ. ಅರವತ್ತು ಜನರ ಸಂಘದಲ್ಲಿ ನೋಡಲ್ಲ.

ಹಾಗಾಗಿ ಮಲ್ಟಿಪರ್ಪಸ್ ಏಣಿ ತಗೊಳ್ಳೋದಾದರೆ ದುಬಾರಿಯದನ್ನೇ ತಗೊಳ್ಳಿ, ಅಗ್ಗದ್ದು ಬೇಡವೇ ಬೇಡ. ಈ ಜಾತಿಯಲ್ಲಿ ಆನ್‌ಲೈನಿನಲ್ಲಿ 6-7 ಸಾವಿರಕ್ಕೂ ಸಿಗತ್ತೆ, ಫೋಟೋದಲ್ಲಿ ಎರಡೂ ಅವಳಿಜವಳಿ. ವ್ಯತ್ಯಾಸ ತಿಳಿಯೋಕೆ ಸುಲಭದ ದಾರಿ ತಕ್ಕಡಿ. ಅಲ್ಯೂಮಿನಿಯಂನ ಸಾಂದ್ರತೆ ಉಕ್ಕಿನ ಮೂರನೇ ಒಂದು ಭಾಗ, ಅದರ ಯಂಗ್ಸ್ ಮಾಡ್ಯುಲಸ್ ಕೂಡ ಸುಮಾರು ಮೂರನೇ ಒಂದು ಭಾಗ, 70 ಗಿಗಾಪ್ಯಾಸ್ಕಲ್. ಬಗ್ಗದೇ ಇರಬೇಕು ಅಂದರೆ ಪೈಪು ದಪ್ಪ ಇರಬೇಕು, ಗೋಡೆಯ ಗಾತ್ರ ಇರಬೇಕು. ಒಂದೇ ಉದ್ದದ ಎರಡು ಏಣಿಯಲ್ಲಿ ಒಂದು 11 ಕೆ.ಜಿ., ಇನ್ನೊಂದು 15 ಕೆ.ಜಿ. ಅಂದರೆ ಆ 4 ಕೆ.ಜಿ. ಲೋಹ ಎಲ್ಲಿಂದಲೋ ಕಡಿಮೆಯಾಗಿದೆ ಅಂತ ಅರ್ಥ. "ಹಗುರ ಇದೆ ಸಾರ್, ಲೇಡೀಸೂ ಎತ್ತಬಹುದು" ಅನ್ನೋ ಮಾತನ್ನ ಹೊಗಳಿಕೆ ಅಂತ ತಗೋಬೇಡಿ.

ಸ್ಟಿಕ್ಕರ್ ಬಗ್ಗೆಯೂ ಒಂದು ಮಾತು. ಎಲ್ಲ ಏಣಿ ಮೇಲೂ '150 ಕೆ.ಜಿ.' ಅಂತ ಅಂಟಿಸಿರ್ತಾರೆ. ಯುರೋಪಿನ ಇ.ಎನ್. 131 ಪ್ರಕಾರ ಗರಿಷ್ಠ ಹೊರೆ 150 ಕೆ.ಜಿ., ಆ ನಂಬರ್ ಬಂದಿದ್ದು ಅಲ್ಲಿಂದ. ಅಮೆರಿಕದಲ್ಲಿ ದರ್ಜೆಗಳಿವೆ, ಮನೆ ಬಳಕೆಯ ಟೈಪ್ 3ಕ್ಕೆ 200 ಪೌಂಡ್, ಅಂದರೆ 90 ಕೆ.ಜಿ.; ಗಟ್ಟಿ ಕೆಲಸದ ಟೈಪ್ 1ಎಗೆ 300 ಪೌಂಡ್, 136 ಕೆ.ಜಿ. ಇದರಲ್ಲಿ ಮನುಷ್ಯನ ತೂಕದ ಜೊತೆ ಅವನ ಕೈಯಲ್ಲಿರೋ ಡ್ರಿಲ್ಲು, ಬಣ್ಣದ ಡಬ್ಬಿ ಎಲ್ಲ ಸೇರತ್ತೆ. ನಮ್ಮ ದೇಶದ್ದೂ ಒಂದು ಸಂಹಿತೆ ಇದೆ, ಐ.ಎಸ್. 3696ರ ಎರಡನೇ ಭಾಗ, ಏಣಿಯ ಸುರಕ್ಷತೆ ಬಗ್ಗೆ. ಸ್ಟಿಕ್ಕರ್ ಮೇಲೆ ಬರೀ ಕೆ.ಜಿ. ಇದ್ದು ಪಕ್ಕದಲ್ಲಿ ಯಾವ ಮಾನದಂಡದ ಹೆಸರೂ ಇಲ್ಲದಿದ್ದರೆ ಅದು ಪ್ರಿಂಟಿಂಗ್ ಪ್ರೆಸ್ಸಿನವರ ಅಭಿಪ್ರಾಯ ಅಷ್ಟೇ.

ಇಷ್ಟೆಲ್ಲ ಆದ ಮೇಲೂ 14 ಸಾವಿರದ ಏಣಿ ಒಳ್ಳೇದೇ ಇರಬಹುದು. ಆದರೂ ನಾನು ಬೇಡ ಅನ್ನೋದಕ್ಕೆ ಮುಖ್ಯ ಕಾರಣ ಇನ್ನೂ ಹೇಳಿಲ್ಲ. ಕರೆಂಟು.

ನಮ್ಮದು ಮೂಡಿಗೆರೆ ಕಡೆ. ಅಲ್ಲಿ ಏಣಿ ಅಂದರೆ ಮೆಣಸು ಕೊಯ್ಲು. ಸಿಲ್ವರ್ ಓಕ್ ಮರಕ್ಕೆ ಹಬ್ಬಿರೋ ಮೆಣಸಿನ ಬಳ್ಳಿ 25-30 ಅಡಿ ಏರಿರತ್ತೆ. ಹಿಂದೆಲ್ಲ ಇದಕ್ಕೆ ಒಂದೇ ಬಿದಿರಿನ ಏಣಿ ಇತ್ತು. ಗೆಣ್ಣಿನ ಹತ್ತಿರ ಕವಲನ್ನ ಗೇಣುದ್ದ ಉಳಿಸಿ ಕಡಿದರೆ ಅದೇ ಮೆಟ್ಟಿಲು. ಕಾಸು ಖರ್ಚಿಲ್ಲ, ಆದರೆ ಎರಡು ಮೂರು ವರ್ಷಕ್ಕೆ ಹುಳು ಹಿಡಿಯತ್ತೆ, ಮಳೆಗೆ ಕೊಳೆಯತ್ತೆ. ಅದರ ಜಾಗಕ್ಕೆ ಅಲ್ಯೂಮಿನಿಯಂ ಏಣಿ ಬಂತು. ಹಗುರ, ಉದ್ದ, ವರ್ಷಗಟ್ಟಲೆ ಬಾಳತ್ತೆ. ಯಾವ ಲೆಕ್ಕದಲ್ಲಿ ನೋಡಿದರೂ ಬಿದಿರಿಗಿಂತ ಮೇಲು, ಒಂದು ಲೆಕ್ಕ ಬಿಟ್ಟು. ಕೊಡಗು, ಚಿಕ್ಕಮಗಳೂರು, ಹಾಸನದ ಕಾಫಿ ತೋಟಗಳಲ್ಲಿ ಅಲ್ಯೂಮಿನಿಯಂ ಏಣಿಯನ್ನ ಒಂದು ಮರದಿಂದ ಇನ್ನೊಂದು ಮರಕ್ಕೆ ಎತ್ತಿ ಒಯ್ಯುವಾಗ ಮೇಲಿನ ವಿದ್ಯುತ್ ತಂತಿಗೆ ತಾಗಿ ಕೂಲಿಯವರು ಸತ್ತ ಸುದ್ದಿ ಜಿಲ್ಲಾ ಪುಟದಲ್ಲಿ ಮತ್ತೆ ಮತ್ತೆ ಬರತ್ತೆ. ನಮ್ಮೂರ ಕಡೆ ಮೆಣಸಿನ ಕೊಯ್ಲು ಶುರುವಾದರೆ ಎಲ್ಲರೂ ಮೊದಲು ಕೇಳೋದು ಲೈನ್ ಎಲ್ಲಿ ಹೋಗಿದೆ ಅಂತ. ಏಣಿ ತಂದವರು ತೋಟದ ಸಾಹುಕಾರರು, ಎತ್ತಿ ಹಿಡಿದವರು ಕೂಲಿಯವರು. ಅದನ್ನೇ ನಾನು ಮೇಲೆ ಹೇಳಿದ್ದು.

ನಮ್ಮ ಕಾಲೇಜಿನ ಕಾರಿಡಾರಿನಲ್ಲಿ 11 ಕೆ.ವಿ. ಲೈನ್ ಇಲ್ಲ, ನಿಜ. ಆದರೆ ನಾವು ಏಣಿ ಹತ್ತೋದೇ ಹೆಚ್ಚಾಗಿ ಸೀರಿಯಲ್ ಲೈಟ್ ಹಾಕೋಕೆ. ಆ ಲೈಟ್ ಸರಗಳ ಸ್ಥಿತಿ ನಿಮಗೂ ಗೊತ್ತು, ನನಗೂ ಗೊತ್ತು: ಮೂರು ವರ್ಷದಿಂದ ಅದೇ ಸರ, ನಾಲ್ಕು ಕಡೆ ಇನ್ಸುಲೇಷನ್ ಟೇಪು, ಎರಡು ಕಡೆ ಟೇಪೂ ಇಲ್ಲ. ಪಿನ್ ಮುರಿದಿರೋದರಿಂದ ವೈರ್ ತುದಿಯನ್ನೇ ಸಾಕೆಟ್ಟಿಗೆ ತುರುಕಿ ಬೆಂಕಿಕಡ್ಡಿ ಸಿಕ್ಕಿಸೋ ವಿದ್ಯೆ ನಮ್ಮ ಎಲೆಕ್ಟ್ರಿಕಲ್ ಬ್ರಾಂಚಿನವರಿಗೂ ಬರತ್ತೆ. 230 ವೋಲ್ಟ್, ಬರಿಗಾಲು, ಲೋಹದ ಏಣಿ, ಅದರ ಕಾಲು ಒದ್ದೆ ನೆಲದಲ್ಲಿ. ಶಾಕ್ ಹೊಡೆದು ಸಾಯದೇ ಇದ್ದರೂ ಬೆಚ್ಚಿಬಿದ್ದು 7 ಅಡಿಯಿಂದ ಕೆಳಗೆ ಬೀಳೋಕೆ ಎಷ್ಟು ಹೊತ್ತು? ಈ ಒಂದು 'ಪರ್ಪಸ್' ಆ ಮಲ್ಟಿಪರ್ಪಸ್ ಏಣಿಯ ಪಟ್ಟಿಯಲ್ಲಿ ಇಲ್ಲ. ಬದಲಿಗೆ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ, ವಿದ್ಯುತ್ ಕೆಲಸಕ್ಕೆ ಬಳಸಬೇಡಿ ಅಂತ ಮಿಂಚಿನ ಚಿತ್ರ ಹಾಕಿರ್ತಾರೆ.

ಅದಕ್ಕೆ ನನ್ನ ಸಲಹೆ: ಅದೇ ದುಡ್ಡಿನ ಆಸುಪಾಸಿನಲ್ಲಿ, ಇನ್ನೂ ಸ್ವಲ್ಪ ಕಡಿಮೆಗೇ, 8 ಅಡಿಯ ಫೈಬರ್‌ಗ್ಲಾಸ್ ಎ ಏಣಿ ತಗೊಳ್ಳೋಣ. ಎಲೆಕ್ಟ್ರಿಷಿಯನ್‌ಗಳು ಬಳಸೋ ಹಳದಿ ಏಣಿ ನೋಡಿದೀರಲ್ಲ, ಅದು. ಅಂಗಡಿಯಲ್ಲಿ 'ಎಫ್.ಆರ್.ಪಿ. ಏಣಿ' ಅಂತ ಕೇಳಬೇಕು. ನಮಗೆ ಹೇಳಿದ ರೇಟು ಹತ್ತೂವರೆ ಸಾವಿರ. ಅದು ಒಂದೇ ಕೆಲಸ ಮಾಡತ್ತೆ, ನೆಟ್ಟಗೆ ನಿಲ್ಲತ್ತೆ. ಬಿಡಿಸಿ, ನಡುವಿನ ಪಟ್ಟಿ ಕೆಳಗೆ ಒತ್ತಿದರೆ ಮುಗೀತು, ಆರು ಟಕ್ ಎಣಿಸಬೇಕಿಲ್ಲ. ಮೆಟ್ಟಿಲು ಅಗಲ. ಮಡಚೋ ಏಣಿಯ ಮೆಟ್ಟಿಲು ಬರೀ ಪೈಪು, ಹತ್ತು ನಿಮಿಷ ನಿಂತರೆ ಪಾದ ನೋಯೋಕೆ ಶುರುವಾಗತ್ತೆ. ನೋವಾದಾಗ ಮನುಷ್ಯ ಕಾಲು ಬದಲಾಯಿಸ್ತಾನೆ, ಬದಲಾಯಿಸುವಾಗಲೇ ಬೀಳೋದು. ಎತ್ತರದ ಲೆಕ್ಕವೂ ಸರಿಹೋಗತ್ತೆ. 8 ಅಡಿ ಏಣಿಯ ತುದಿಯ ಎರಡು ಹಂತ ಬಿಟ್ಟು ನಿಂತರೆ ಪಾದ 6 ಅಡಿಯಲ್ಲಿ, ಐದೂವರೆ ಅಡಿ ಮನುಷ್ಯನ ಎತ್ತಿದ ಕೈ ಇನ್ನೂ 7 ಅಡಿ ಮೇಲೆ, ಅಂದರೆ 13 ಅಡಿ ತನಕ ಸಿಗತ್ತೆ. ಬ್ಯಾನರ್ ಪೈಪು 12 ಅಡಿ. ಅದೇ 14 ಸಾವಿರದ ಏಣಿಯನ್ನ ಎ ಆಕಾರ ಮಾಡಿದರೆ ಅದರ ಎತ್ತರ 7 ಅಡಿಯ ಹತ್ತಿರ, ಕೈ ಸಿಗೋದು 12ಕ್ಕೆ, ಅದೂ ಬೆರಳ ತುದಿ. 15 ಅಡಿ ಏಣಿ ಅಂತ ತಗೊಂಡು ನಮಗೆ ಬೇಕಾದ ಆಕಾರದಲ್ಲಿ ನಿಲ್ಲಿಸಿದರೆ 8 ಅಡಿ ಏಣಿಗಿಂತ ಗಿಡ್ಡ!

ಫೈಬರ್‌ಗ್ಲಾಸಿಗೂ ಕೊರತೆ ಇದೆ. ಭಾರ ಜಾಸ್ತಿ. ವರ್ಷಗಟ್ಟಲೆ ಬಿಸಿಲಲ್ಲಿ ಬಿಟ್ಟರೆ ಮೇಲಿನ ರಾಳ ಸವೆದು ನಾರು ಎದ್ದು ಕೈಗೆ ಚುಚ್ಚತ್ತೆ. ಒದ್ದೆಯಾಗಿ ಕೊಳೆ ಹಿಡಿದರೆ ಅದೂ ಕರೆಂಟನ್ನ ಬಿಟ್ಟುಕೊಡಬಹುದು, ಮೆಟ್ಟಿಲುಗಳು ಅಲ್ಯೂಮಿನಿಯಮ್ಮೇ. ಇದು ಸುದರ್ಶನ ಚಕ್ರ ಅಲ್ಲ. ಲೈಟ್ ಹಾಕುವಾಗ ಸ್ವಿಚ್ ಆಫ್ ಮಾಡೋದನ್ನ ಯಾವ ಏಣಿಯೂ ತಪ್ಪಿಸಲ್ಲ. ಮತ್ತೆ ಆ ಮೆಟ್ಟಿಲ ಹತ್ತಿರದ ಕೆಂಪು ಹಳದಿ ಪಟ್ಟಿ? ಮೇಲಿನ ಮಹಡಿಯ ಕಟಾಂಜನದಿಂದ ದಾರ ಕಟ್ಟಿ ಕೆಳಗೆ ಬಿಡಬಹುದು. ಏಣಿಯೇ ಬೇಡ. ಇಷ್ಟು ವರ್ಷ ಯಾಕೆ ಕೆಳಗಿಂದ ಮೇಲಕ್ಕೆ ಕಟ್ತಿದ್ದೀವೋ ಯಾರಿಗೂ ಗೊತ್ತಿಲ್ಲ.

"ಬಾಡಿಗೆಗೆ ತರೋಣ, ಕೊಳ್ಳೋದೇ ಯಾಕೆ" ಅನ್ನೋರಿಗೆ: ಶಾಮಿಯಾನದ ಅಂಗಡಿಯಲ್ಲಿ ದಿನಕ್ಕೆ 200 ರೂಪಾಯಿ, ಗೂಡ್ಸ್ ಆಟೋಗೆ ಹೋಗಿ ಬರೋಕೆ 300. ವರ್ಷಕ್ಕೆ ಆರು ಸಲ ಅಂದರೆ 3 ಸಾವಿರ. ಹತ್ತೂವರೆ ಸಾವಿರದ ಏಣಿ ಮೂರೂವರೆ ವರ್ಷದಲ್ಲಿ, 14 ಸಾವಿರದ್ದು ಐದು ವರ್ಷದ ಹತ್ತಿರ ಬಾಡಿಗೆಗೆ ಸಮ ಆಗತ್ತೆ. ಒಂದು ಬ್ಯಾಚು ಕಾಲೇಜಿನಲ್ಲಿರೋದೇ ನಾಲ್ಕು ವರ್ಷ. ಆದರೆ ಈ ಲೆಕ್ಕ ನನಗೆ ಅಷ್ಟು ಮುಖ್ಯ ಅನ್ನಿಸಲ್ಲ. ಬಾಡಿಗೆಗೆ ಬರೋ ಕಬ್ಬಿಣದ ಏಣಿಯ ಕಾಲಿಗೆ ರಬ್ಬರ್ ಇರಲ್ಲ, ಒಂದು ಮೆಟ್ಟಿಲಿನ ವೆಲ್ಡಿಂಗ್ ಬಿಟ್ಟಿರತ್ತೆ, ನಮ್ಮ ಟೈಲ್ಸ್ ಮೇಲೆ ಅದು ಕಿರ್ ಅಂತ ಜಾರೋ ಸದ್ದು ಕೇಳಿದವರಿಗೆ ಗೊತ್ತು. ಅಲ್ಲದೆ ಬಾಡಿಗೆ ಏಣಿ ತರೋಕೆ ಅರ್ಧ ದಿನ ಹೋಗತ್ತೆ, ಹಾಗಾಗಿ ಕೊನೇ ಗಳಿಗೆಯಲ್ಲಿ ಮತ್ತೆ ಟೇಬಲ್ಲು, ಕುರ್ಚಿ.

ಹಾಗಾದರೆ ದುಬಾರಿ ಮಲ್ಟಿಪರ್ಪಸ್ ಏಣಿ ಯಾರಿಗೂ ಬೇಡ್ವಾ? ಬೇಕು. ಚಿಕ್ಕಮಗಳೂರಿನ ನಮ್ಮ ಚಿಕ್ಕಪ್ಪನ ಮನೆಯಲ್ಲಿ ಒಂದಿದೆ, ಎರಡು ಕಾಲು ಬೇರೆ ಬೇರೆ ಉದ್ದ ಮಾಡಬಹುದಾದ ಮಾದರಿ, 20 ಸಾವಿರಕ್ಕಿಂತ ಮೇಲೆ ಕೊಟ್ಟಿದ್ದಾರೆ. ಅದರಲ್ಲಿ ಪೈಸೆಯೂ ದಂಡ ಅಂತ ನನಗೆ ಅನ್ನಿಸಲ್ಲ. ಅವರದ್ದು ಡ್ಯೂಪ್ಲೆಕ್ಸ್ ಮನೆ, ಒಳಗಿನ ಮೆಟ್ಟಿಲ ನೆತ್ತಿಯ ಮೇಲೆ 18 ಅಡಿ ಎತ್ತರದಲ್ಲಿ ತೂಗುದೀಪ. ಹಿಂದೆ ಬಲ್ಬ್ ಬದಲಿಸೋಕೆ ಕೆಲಸದವರು ಮೆಟ್ಟಿಲ ಮೇಲೆ ಇಟ್ಟಿಗೆ ಜೋಡಿಸಿ ಅದರ ಮೇಲೆ ಏಣಿ ಇಡ್ತಿದ್ದರು. ಈಗ ಒಬ್ಬರೇ ನಿಲ್ಲಿಸಿ ಹತ್ತಿ ಇಳೀತಾರೆ. ಹೊರಗೆ ಇಳಿಜಾರಿನ ಅಂಗಳ, ಅಲ್ಲಿ ಸೋಲಾರ್ ಹೀಟರಿನ ಕೆಲಸಕ್ಕೂ ಅದೇ. ಇಡೋಕೆ ಜಾಗವೂ ಇಲ್ಲ, ಹಾಗಾಗಿ ಮೂರು ಏಣಿಯ ಬದಲು ಒಂದು. ಚಿಕ್ಕಮ್ಮ ಮಾತ್ರ "ಏಣಿಗೆ ಕೊಟ್ಟ ದುಡ್ಡಲ್ಲಿ ಒಂದು ಉಂಗುರ ಬರ್ತಿತ್ತು" ಅಂತ ಇವತ್ತಿಗೂ ಅಂತಾರೆ. ಹಾಗೇ ದಿನಾ ಮನೆ ಮನೆಗೆ ಹೋಗೋ ಪೇಂಟರ್, ಸಿ.ಸಿ. ಕ್ಯಾಮೆರಾ ಹಾಕೋರು, ಬೈಕಿನಲ್ಲಿ ಏಣಿ ಒಯ್ಯಬೇಕಾದವರು, ಇವರಿಗೆಲ್ಲ ದುಬಾರಿ ಏಣಿ ಬಂಡವಾಳ. ಒಂದೊಂದು ರೂಪವೂ ವಾರಕ್ಕೊಮ್ಮೆ ಕೆಲಸಕ್ಕೆ ಬರತ್ತೆ.

ಟೆಲಿಸ್ಕೋಪಿಕ್ ಬಗ್ಗೆ ಒಬ್ಬಿಬ್ಬರು ಕೇಳಿದ್ದಾರೆ, ಆಂಟೆನಾ ಥರ ಒಳಗೆ ಸೇರೋ ಏಣಿ. ಅದರಲ್ಲಿ ಪ್ರತಿ ಮೆಟ್ಟಿಲಿಗೂ ಎರಡು ಲಾಕ್. ಧೂಳು, ಮರಳು ಸೇರಿದರೆ ಸಿಕ್ಕಿಕೊಳ್ಳತ್ತೆ, ಮುಚ್ಚುವಾಗ ಬೆರಳು ಸಿಕ್ಕಿದರೆ ಕಥೆ ಮುಗೀತು. ಹಾಸ್ಟೆಲ್ ಹುಡುಗರ ಕೈಗೆ ಅದು ಬೇಡ. ಮುಂದೆ ಹೋಗೋಣ.

ಯಾವ ಏಣಿ ಬಂದರೂ ಇಡೋದೆಲ್ಲಿ ಅನ್ನೋದನ್ನ ಯಾರೂ ಯೋಚಿಸಿಲ್ಲ. ಸಂಘದ ಆಸ್ತಿಯ ಚರಿತ್ರೆ ಅಷ್ಟೇನೂ ಹೆಮ್ಮೆಯದ್ದಲ್ಲ. ಎರಡು ಮೈಕ್ ಸ್ಟ್ಯಾಂಡ್ ತಂದಿದ್ದೆವು, ಒಂದು ಈಗ ಯಾವುದೋ ಬ್ಯಾಂಡಿನವರ ರೂಮಿನಲ್ಲಿದೆ. 8 ಅಡಿ ಏಣಿ ನಮ್ಮ ರೂಮಿನಲ್ಲಿ ನಿಲ್ಲಲ್ಲ, ಮಲಗಿಸಿದರೆ ಬಾಗಿಲು ಹಾಕೋಕೆ ಆಗಲ್ಲ. ಮಡಚೋ ಏಣಿಯ ಪರ ಇರೋರು ಈ ಒಂದು ಪಾಯಿಂಟಲ್ಲಿ ಗೆಲ್ತಾರೆ, ಒಪ್ಪಿಕೊಳ್ತೀನಿ. ನಾನು ವರ್ಕ್‌ಶಾಪ್‌ನ ಇನ್‌ಸ್ಟ್ರಕ್ಟರ್ ಸರ್ ಹತ್ತಿರ ಮಾತಾಡಿದೀನಿ. ಫಿಟ್ಟಿಂಗ್ ಸೆಕ್ಷನ್ ಗೋಡೆಗೆ ಎರಡು ಕೊಕ್ಕೆ ಹೊಡೆದು ನೇತುಹಾಕಿ, ಸರಪಳಿ ಬೀಗ ಹಾಕಿ, ಬೀಗದ ಕೈ ಅವರ ಹತ್ತಿರ, ಪುಸ್ತಕದಲ್ಲಿ ಬರೆದು ಒಯ್ಯಬೇಕು ಅಂದಿದ್ದಾರೆ. ಬದಲಿಗೆ ವರ್ಕ್‌ಶಾಪಿನ ಟ್ಯೂಬ್‌ಲೈಟ್ ಬದಲಿಸೋಕೆ ಅವರೂ ಬಳಸ್ತಾರಂತೆ. ಬಳಸಲಿ. ಅವರಿಗೆ ಬೇಕಾಗಿರೋದೂ ಫೈಬರ್‌ಗ್ಲಾಸೇ.

ಏಣಿ ತರೋಕೆ ಎಸ್.ಪಿ. ರೋಡಿಗೆ ಹೋಗೋರು ಸುಮ್ಮನೆ ಬಿಲ್ ಮಾಡಿಸಿ ಬರಬೇಡಿ. ಅಂಗಡಿಯಲ್ಲೇ ಬಿಡಿಸಿ, ಮೂರನೇ ಮೆಟ್ಟಿಲು ಹತ್ತಿ, ಸೊಂಟ ಅಲ್ಲಾಡಿಸಿ ನೋಡಿ. ನಾಲ್ಕೂ ಕಾಲು ನೆಲ ಮುಟ್ಟಿದೆಯಾ, ಒಂದು ಕಾಲಿನ ಕೆಳಗೆ ಬಸ್ ಟಿಕೆಟ್ ತೂರತ್ತಾ ಅಂತ ಬಗ್ಗಿ ನೋಡಿ. ರಬ್ಬರ್ ಬೂಟನ್ನ ಕೈಯಲ್ಲಿ ಎಳೆದು ನೋಡಿ, ಅಂಟಿಸಿರೋದಾದರೆ ಬರತ್ತೆ, ರಿವೆಟ್ ಹೊಡೆದಿದ್ದರೆ ಬರಲ್ಲ. ಬೂಟು ಬಿಡಿಯಾಗಿ ಸಿಗತ್ತಾ ಅಂತ ಕೇಳಿ, ಮೊದಲು ಸವೆಯೋದು ಅದೇ. ಹೋಗೋರಲ್ಲಿ ಒಬ್ಬರಾದರೂ ಈ ವರ್ಷ ಕುರ್ಚಿ ಮೇಲೆ ಹತ್ತಿದ್ದ ಜೂನಿಯರ್ ಆಗಿರಲಿ, ಯಾವ ಏಣಿ ಅಂತ ಅವನನ್ನೂ ಕೇಳಿ. ಉಳಿದ 5 ಸಾವಿರ ಚಿಲ್ಲರೆಯಲ್ಲಿ ಹೊಸ ಲೈಟ್ ಸರ, ಪಿನ್ ಇರೋದು, ನಾಲ್ಕು ತಗೊಂಡು ಬನ್ನಿ. ಹಳೇದನ್ನ ನಾನೇ ಕತ್ತರಿಸಿ ಬಿಸಾಕ್ತೀನಿ.